ಮಾಸಿದ ಕೋವಿಗೆ ಕೋಲ್ಡ್ ಬ್ಲೂ: ಮನೆಯಲ್ಲಿ ಎಷ್ಟು ಮಾಡಬಹುದು, ಎಲ್ಲಿ ನಿಲ್ಲಿಸಬೇಕು

ನಮ್ಮನೆಯ ಜೋಡಿ ನಳಿಗೆ ಕೋವಿಯ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಕಂದು ಮಚ್ಚೆ ಇತ್ತು. ಅಳೆದು ಕೊರೆದ ಹಾಗೆ ದುಂಡಗೆ. ಮಳೆಹನಿ ಬಿದ್ದು ಬಂದ ತುಕ್ಕು ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಒಂದೆರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ಅದು ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಇಟ್ಟ ಗಂಧದ ಬೊಟ್ಟು. ಸೆಪ್ಟೆಂಬರ್ 3ಕ್ಕೆ ಕೋವಿಗೆ ಪೂಜೆ ಮಾಡಿ, ನಳಿಗೆಯ ಬಾಯಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ, ಕಡಂಬುಟ್ಟು ಪಂದಿಕರಿ ತಿಂದು, ತೆಂಗಿನಕಾಯಿಗೆ ಗುಂಡು ಹೊಡೆದು, ಆಮೇಲೆ ಕೋವಿಯನ್ನು ಹಾಗೇ ಮೂಲೆಗೆ ಒರಗಿಸಿ ಮಲಗಿದ್ದೆವು. ಆ ಒದ್ದೆ ಗಂಧ ವಾರಗಟ್ಟಲೆ ಅಲ್ಲೇ ಕೂತಿತ್ತು. ಒರೆಸುವಾಗ ಗಂಧದ ಜೊತೆ ಕೆಳಗಿನ ನೀಲಿಯೂ ಎದ್ದು ಬಂತು.

ಇಂಥ ಮಚ್ಚೆಗೆ ಏನು ಮಾಡುವುದು ಅಂತ ಕೇಳಿದರೆ ಊರಲ್ಲಿ ಸಿಗುವ ಉತ್ತರ ಎರಡೇ. ಒಂದು, ‘ಬಿಡಿ, ಹಳೇ ಕೋವಿ ಅಲ್ವಾ.’ ಇನ್ನೊಂದು, ‘ಕೋಲ್ಡ್ ಬ್ಲೂ ತರಿಸಿ ಹಚ್ಚಿ, ಹೊಸದರ ಹಾಗೆ ಆಗುತ್ತೆ.’ ಕೋಲ್ಡ್ ಬ್ಲೂ ಅಂದರೆ ಉಕ್ಕಿನ ಮೇಲೆ ಹಚ್ಚಿ ಕಪ್ಪು-ನೀಲಿ ಬಣ್ಣ ತರಿಸುವ ಬಾಟಲಿ ದ್ರಾವಣ. ಆ ಎರಡನೆಯ ಉತ್ತರ ಅರ್ಧ ನಿಜ. ಬಣ್ಣ ಬರುತ್ತದೆ. ಹೊಸದರ ಹಾಗೆ ಆಗುವುದಿಲ್ಲ. ಯಾಕೆ ಅಂತ ಗೊತ್ತಿದ್ದರೆ ಬಾಟಲಿಯ ಮೇಲೆ ಇಲ್ಲದ ನಂಬಿಕೆ ಇಟ್ಟು ಕೋವಿ ಹಾಳು ಮಾಡಿಕೊಳ್ಳುವುದು ತಪ್ಪುತ್ತದೆ.

ಮೊದಲು ಆ ನೀಲಿ ಅಂದರೆ ಏನು ಅಂತ ನೋಡೋಣ. ಅದು ಪೇಂಟ್ ಅಲ್ಲ. ಅದೂ ಒಂದು ಬಗೆಯ ತುಕ್ಕೇ! ಕಬ್ಬಿಣ ಗಾಳಿ, ನೀರಿನ ಜೊತೆ ಸೇರಿದಾಗ ಸಾಮಾನ್ಯವಾಗಿ ಆಗುವುದು ಕೆಂಪು ತುಕ್ಕು. ಅದು ಹುಡಿಹುಡಿ, ಉಬ್ಬುತ್ತದೆ, ನೀರು ಹಿಡಿದುಕೊಳ್ಳುತ್ತದೆ, ಉದುರುತ್ತದೆ, ಉದುರಿದ ಕಡೆ ಮತ್ತೆ ಹೊಸ ತುಕ್ಕು. ಆದರೆ ಅದೇ ಕಬ್ಬಿಣ ಮತ್ತು ಆಮ್ಲಜನಕ ಬೇರೆ ಲೆಕ್ಕದಲ್ಲಿ ಸೇರಿದರೆ ಮ್ಯಾಗ್ನೆಟೈಟ್ ಅನ್ನುವ ಕಪ್ಪು ಆಕ್ಸೈಡ್ ಆಗುತ್ತದೆ. ಇದು ಲೋಹಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಉದುರುವುದಿಲ್ಲ. ಜೊತೆಗೆ ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿದ್ದು ಅವು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಚೆನ್ನಾಗಿ ಪಾಲಿಶ್ ಮಾಡಿದ ಉಕ್ಕಿನ ಮೇಲೆ ಈ ತೆಳು ಕಪ್ಪು ಪದರ ಬಿಸಿಲಿಗೆ ಹಿಡಿದರೆ ನೀಲಿಯಾಗಿ ಮಿನುಗುತ್ತದೆ. ಅದಕ್ಕೇ ಬ್ಲೂಯಿಂಗ್ ಅನ್ನುವ ಹೆಸರು.

ಈ ಕಪ್ಪು ಪದರ ತರಿಸಲು ಹಳೆಯ ದಾರಿ ಅಂದರೆ ಬೇಕಂತಲೇ ತುಕ್ಕು ಹಿಡಿಸುವುದು. ನಳಿಗೆಗೆ ಆಮ್ಲ ಇರುವ ದ್ರಾವಣ ಹಚ್ಚಿ ಬೆಚ್ಚಗೆ ತೇವ ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಯವಾಗಿ ಕೆಂಪು ತುಕ್ಕು ಬಂದ ಮೇಲೆ ಕುದಿಯುವ ನೀರಿಗೆ ಹಾಕುತ್ತಾರೆ. ಕುದಿದಾಗ ಕೆಂಪು ಹೋಗಿ ಕಪ್ಪಾಗುತ್ತದೆ. ಮೇಲಿನ ಹುಡಿಯನ್ನು ಉಜ್ಜಿ ತೆಗೆದು ಮತ್ತೆ ಅದೇ ಕೆಲಸ, ಹಲವು ದಿನ. ತುಕ್ಕು ಬ್ಲೂಯಿಂಗ್ ಅಂದರೆ ಇದೇ. ಜೂನ್ ತಿಂಗಳ ನಮ್ಮ ಅಟ್ಟಕ್ಕಿಂತ ಒಳ್ಳೆಯ ತೇವದ ಪೆಟ್ಟಿಗೆ ಬೇರೆ ಬೇಕಾ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ, ಕುದಿಸುವ ಕೆಲಸ ಒಂದು ಬಾಕಿ ಅಷ್ಟೇ.

ಆಮೇಲೆ ಬಂದದ್ದು ಬಿಸಿ ಬ್ಲೂಯಿಂಗ್, ಕಾರ್ಖಾನೆಯವರ ದಾರಿ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣ ಕರಗಿಸಿದ ತೊಟ್ಟಿಯನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದರಲ್ಲಿ ಲೋಹದ ಭಾಗಗಳನ್ನು ಮುಳುಗಿಸುತ್ತಾರೆ. ಬೇಗ ಆಗುತ್ತದೆ, ಒಂದೇ ಸಮ ಬರುತ್ತದೆ. ಇದನ್ನು ಮನೆಯಲ್ಲಿ ಮಾಡುವ ಯೋಚನೆಯೇ ಬೇಡ. ಆ ದ್ರಾವಣ ಮೈ ಮೇಲೆ ಸಿಡಿದರೆ ಚರ್ಮ ಉಳಿಯುವುದಿಲ್ಲ. ಇನ್ನೊಂದು ಕಾರಣ ನಮ್ಮೂರಿನ ಕೋವಿಗಳಿಗೇ ಸಂಬಂಧಪಟ್ಟದ್ದು. ಇಲ್ಲಿ ಮನೆಮನೆಯಲ್ಲಿ ಇರುವ ಜೋಡಿ ನಳಿಗೆ 12 ಬೋರ್ ಕೋವಿಗಳಲ್ಲಿ ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಸಾಮಾನ್ಯವಾಗಿ ಸೀಸ, ತವರದ ಬೆಸುಗೆಯಿಂದ ಕೂರಿಸಿರುತ್ತಾರೆ. ಆ ಬಿಸಿ ಕಾಸ್ಟಿಕ್ ಬೆಸುಗೆಯನ್ನೇ ತಿಂದುಬಿಡುತ್ತದೆ. ಹೊರಗಿಂದ ಕಪ್ಪಗೆ ಮಿರಿಮಿರಿ, ಒಳಗೆ ಪಟ್ಟಿ ಸಡಿಲ. ಆದ್ದರಿಂದ ಯಾರಾದರೂ ಜೋಡಿ ನಳಿಗೆಯನ್ನು ‘ಬಿಸಿ ಬ್ಲೂ ಮಾಡಿಕೊಡ್ತೀನಿ’ ಅಂದರೆ ಕೋವಿ ವಾಪಸ್ ತಗೊಂಡು ಬನ್ನಿ.

ಈಗ ಕೋಲ್ಡ್ ಬ್ಲೂ. ಮೆಣಸು, ಕಾಫಿ ಬೆಳೆಯುವವರಿಗೆ ಇದನ್ನು ಅರ್ಥ ಮಾಡಿಸುವುದು ಬಹಳ ಸುಲಭ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಗಿಡಗಳಿಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ಮೇಲೆ ಅದು ಸರಿಯಾಗಿದೆಯಾ ಅಂತ ಹೇಗೆ ನೋಡುತ್ತೇವೆ? ಉಜ್ಜಿ ಬೆಳಗಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದುತ್ತೇವೆ. ಕತ್ತಿಯ ಮೇಲೆ ಕೆಂಪು ಲೇಪ ಬಂದರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ಬಣ್ಣ ತುಕ್ಕಲ್ಲ, ತಾಮ್ರ. ಮೈಲುತುತ್ತದಲ್ಲಿರುವ ತಾಮ್ರ ಹೊರಗೆ ಬಂದು ಕಬ್ಬಿಣದ ಮೇಲೆ ಕೂರುತ್ತದೆ, ಅಷ್ಟೇ ಲೆಕ್ಕದಲ್ಲಿ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ.

ಕೋಲ್ಡ್ ಬ್ಲೂ ಬಾಟಲಿಯೊಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ ಆಟ. ಹೆಚ್ಚಿನ ಬಾಟಲಿಗಳಲ್ಲಿ ತಾಮ್ರದ ಲವಣ, ಅಂದರೆ ನಮ್ಮ ಮೈಲುತುತ್ತ, ಒಂದಿಷ್ಟು ಆಮ್ಲ, ಮತ್ತೆ ಸೆಲೀನಿಯಸ್ ಆಮ್ಲ ಇರುತ್ತದೆ. ಉಕ್ಕಿನ ಮೇಲೆ ತಾಮ್ರ ಕೂರುತ್ತದೆ, ಸೆಲೀನಿಯಂ ಅದರ ಜೊತೆ ಸೇರಿಕೊಂಡು ಕಪ್ಪು ಪದರ ಆಗುತ್ತದೆ. ಅದರ ಹೆಸರು ಕಾಪರ್ ಸೆಲೆನೈಡ್. ಗಮನಿಸಿ, ಇಲ್ಲಿ ಮ್ಯಾಗ್ನೆಟೈಟ್ ಮಾತೇ ಬರಲಿಲ್ಲ. ನೋಡಲು ಹಳೆಯ ನೀಲಿಯ ಹತ್ತಿರ ಹತ್ತಿರ ಇರುತ್ತದೆ, ಆದರೆ ವಸ್ತುವೇ ಬೇರೆ. ತುಂಬಾ ತೆಳು. ಕೈ ಉಜ್ಜಿದರೆ, ಚೀಲದೊಳಗೆ ಹಾಕಿ ತೆಗೆದರೆ ಸವೆಯುತ್ತದೆ. ತುಕ್ಕನ್ನು ತಡೆಯುವ ಶಕ್ತಿಯೂ ಅದಕ್ಕೆ ಕಡಿಮೆ. ಆದ್ದರಿಂದ ನನ್ನ ಲೆಕ್ಕದಲ್ಲಿ ಕೋಲ್ಡ್ ಬ್ಲೂ ಅಂದರೆ ಹರಿದ ಕಂಬಳಿಗೆ ಹಾಕುವ ತೇಪೆ. ತೇಪೆ ಎಲ್ಲಿ ಬೇಕೋ ಅಲ್ಲಿ ಹಾಕಿ. ತೇಪೆಯಲ್ಲೇ ಕಂಬಳಿ ಹೊಲಿಯಲು ಹೋಗಬೇಡಿ.

ಸ್ಕ್ರೂ ತಲೆ, ಟ್ರಿಗರ್ ಗಾರ್ಡ್, ನಳಿಗೆಯ ಬಾಯಿಯ ಅಂಚು, ಬೇಲಿ ತಂತಿ ತಾಗಿ ಬಿದ್ದ ಗೀರು, ಗಂಧದ ಬೊಟ್ಟಿನ ಮಚ್ಚೆ, ಇವಕ್ಕೆಲ್ಲ ಇದು ಚೆನ್ನಾಗಿ ಆಗುತ್ತದೆ. ಇಡೀ ನಳಿಗೆಗೆ ಹಚ್ಚಲು ಹೋದರೆ ಒಂದು ಕಡೆ ಕಪ್ಪು, ಒಂದು ಕಡೆ ಬೂದಿ, ಇನ್ನೊಂದು ಕಡೆ ಕಂದು. ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ, ಹಿತ್ತಾಳೆ, ಕ್ರೋಮ್ ಮಾಡಿದ ಭಾಗಗಳಿಗೆ ಈ ಮಾಮೂಲಿ ಬಾಟಲಿ ಆಗುವುದಿಲ್ಲ. ನಳಿಗೆಯ ಮೇಲೆ ಹಾವಿನ ಚರ್ಮದ ಹಾಗೆ ಸುರುಳಿ ಸುರುಳಿ ಗೆರೆ ಇದೆಯಾ? ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ ಇರಬಹುದು. ಅದನ್ನು ಉಜ್ಜಿ ಕಪ್ಪು ಮಾಡಿದರೆ ಆ ಕೆಲಸ ಹಾಳು. ಮುಖ್ಯವಾಗಿ, ಅದರಲ್ಲಿ ಈಗಿನ ತೋಟಾ ಹಾಕಿ ಹೊಡೆಯುವುದು ಅಪಾಯ. ಬಣ್ಣದ ಚಿಂತೆ ಬಿಟ್ಟು ಮೊದಲು ಅನುಭವಸ್ಥ ಕೋವಿ ರಿಪೇರಿಯವರಿಗೆ ತೋರಿಸಿ.

ಜೋಡಿ ನಳಿಗೆಯಾದರೆ ಇನ್ನೊಂದು ಪರೀಕ್ಷೆ ಮಾಡಬಹುದು. ನಳಿಗೆಯನ್ನು ಬಿಚ್ಚಿ, ಕೆಳಗಿನ ಕೊಕ್ಕೆಗೆ ದಾರ ಕಟ್ಟಿ ತೂಗು ಹಾಕಿ, ಬೆರಳ ಗಂಟಿನಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ನಾದ ಬಂದರೆ ಪಟ್ಟಿಯ ಬೆಸುಗೆ ಗಟ್ಟಿ. ಒಡೆದ ಮಡಕೆ ತಟ್ಟಿದ ಹಾಗೆ ಕೇಳಿದರೆ ಎಲ್ಲೋ ಬಿಟ್ಟಿದೆ. ಹಾಗೆ ಬಿಟ್ಟ ಸಂದಿಯೊಳಗೆ ಕೋಲ್ಡ್ ಬ್ಲೂ ಇಳಿದರೆ ಆ ಆಮ್ಲ ಅಲ್ಲೇ ಕೂತು ಒಳಗಿಂದ ತಿನ್ನುತ್ತದೆ, ನಮಗೆ ಕಾಣುವುದೇ ಇಲ್ಲ.

ಕಾನೂನಿನ ಮಾತು ಎರಡೇ ಸಾಲಿನಲ್ಲಿ ಮುಗಿಸುತ್ತೇನೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ವಿನಾಯಿತಿ ಇದೆ ಅಂತ ಕೋವಿಯ ನಂಬರ್ ಮೇಲೆ ಉಪ್ಪು ಕಾಗದ ಆಡಿಸಬೇಡಿ, ಗುರುತಿನ ನಂಬರ್ ಅಳಿಸುವುದು ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಹಾಗೇ, ನಿಮ್ಮ ಕೋವಿ ನೀವು ಒರೆಸಿಕೊಳ್ಳುವುದು ಬೇರೆ, ಊರವರ ಕೋವಿ ತಂದು ಕಾಸು ತಗೊಂಡು ರಿಪೇರಿ ಮಾಡುವುದು ಬೇರೆ, ಅದಕ್ಕೆ ಲೈಸೆನ್ಸ್ ಬೇಕು. ಎರಡು ಸಾಲು ಅಂದಿದ್ದು ಮೂರಾಯಿತು, ಇರಲಿ.

ಈಗ ಕೆಲಸಕ್ಕೆ ಬರೋಣ. ಕೋವಿ ಖಾಲಿ ಇದೆಯಾ ಅಂತ ನಳಿಗೆ ಮಡಚಿ ತೆರೆದು, ಕಣ್ಣಿಂದ ನೋಡಿ, ಬೆರಳು ಹಾಕಿ ನೋಡಿ. ತೋಟಾ ಆ ಕೋಣೆಯಲ್ಲೇ ಬೇಡ. ನಳಿಗೆ ಬಿಚ್ಚಿ, ಮರದ ಭಾಗಗಳನ್ನು ಪಕ್ಕಕ್ಕೆ ಇಡಿ.

ನನ್ನ ಮೊದಲ ಪ್ರಯತ್ನದ ಕಥೆ ಹೇಳಿಬಿಡುತ್ತೇನೆ, ಅದರಲ್ಲೇ ಅರ್ಧ ಪಾಠ ಇದೆ. ಮಚ್ಚೆಯನ್ನು ಉಜ್ಜಿದೆ, ಹಳೇ ಬನಿಯನ್ ಬಟ್ಟೆಗೆ ಪೆಟ್ರೋಲ್ ಹಾಕಿ ಒರೆಸಿದೆ, ಒಣಗಿತು ಅಂದುಕೊಂಡು ಕೋಲ್ಡ್ ಬ್ಲೂ ಹಚ್ಚಿದೆ. ಒಂದು ನಿಮಿಷಕ್ಕೆ ಕಪ್ಪಾಯಿತು. ಖುಷಿಯೋ ಖುಷಿ. ತೊಳೆದು ಬೆಳಕಿಗೆ ಹಿಡಿದರೆ ಮಚ್ಚೆಯ ನಟ್ಟನಡುವೆ ನನ್ನ ಹೆಬ್ಬೆಟ್ಟಿನ ಗುರುತು, ಗೆರೆ ಗೆರೆ ಎಣಿಸಬಹುದು, ಆಧಾರ್ ಕೇಂದ್ರದಲ್ಲೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಒರೆಸಿದ ಮೇಲೆ ಎಲ್ಲೋ ಒಂದು ಸಲ ಬರಿಗೈಯಲ್ಲಿ ಮುಟ್ಟಿದ್ದೆ. ಬೆರಳಿನ ಆ ಒಂದಿಷ್ಟು ಜಿಡ್ಡು ಇದ್ದ ಕಡೆ ದ್ರಾವಣ ಲೋಹವನ್ನು ತಲುಪಲೇ ಇಲ್ಲ. ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಉದ್ದ ಗೆರೆ ಬೆಳ್ಳಗೆ ಉಳಿದಿತ್ತು. ಅದು ಸಂದಿಯಲ್ಲಿದ್ದ ಹಳೇ ಎಣ್ಣೆ, ಲೋಹ ಬೆಚ್ಚಗಾದ ಕೂಡಲೇ ಇಳಿದು ಬಂದಿತ್ತು.

ಅಲ್ಲಿಂದ ಕಲಿತದ್ದು ಇಷ್ಟು. ಹಚ್ಚುವುದು ಹತ್ತು ನಿಮಿಷದ ಕೆಲಸ, ಅದಕ್ಕೆ ಮುಂಚಿನ ತಯಾರಿಗೆ ಅರ್ಧ ದಿನ ಇಟ್ಟುಕೊಳ್ಳಿ. ಮೇಲುಮೇಲಿನ ತುಕ್ಕಾದರೆ ತೆಳು ಎಣ್ಣೆ ಹಾಕಿ, ನಾಲ್ಕು ಸೊನ್ನೆ ನಂಬರಿನ ಅತಿ ನಯವಾದ ಸ್ಟೀಲ್ ವುಲ್‌ನಿಂದ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ, ಸುತ್ತಲಿನ ನೀಲಿಯೂ ಉಳಿಯುತ್ತದೆ. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಬೇಡವೇ ಬೇಡ. ಅದಕ್ಕೂ ಬಗ್ಗದಿದ್ದರೆ 400, ಆಮೇಲೆ 600 ನಂಬರಿನ ಉಪ್ಪು ಕಾಗದ. ನಳಿಗೆಯ ಉದ್ದಕ್ಕೇ ಆಡಿಸಿ, ಅಡ್ಡಡ್ಡ ಬೇಡ. ಅಡ್ಡ ಗೀರು ಬಿದ್ದರೆ ಬಣ್ಣ ಬಂದ ಮೇಲೆ ಇನ್ನೂ ಎದ್ದು ಕಾಣುತ್ತದೆ. ಕೋಲ್ಡ್ ಬ್ಲೂ ಯಾವ ಗೀರನ್ನೂ, ಯಾವ ಗುಳಿಯನ್ನೂ ತುಂಬುವುದಿಲ್ಲ. ಇದ್ದದ್ದನ್ನು ಇದ್ದ ಹಾಗೇ ಕಪ್ಪು ಮಾಡುತ್ತದೆ ಅಷ್ಟೇ. ಲೋಹ ಎಷ್ಟು ಹೊಳೆಯುತ್ತಿತ್ತೋ ಬಣ್ಣವೂ ಅಷ್ಟೇ ಹೊಳೆಯುತ್ತದೆ.

ಹಳೇ ನೀಲಿಯನ್ನು ಪೂರ್ತಿ ತೆಗೆಯಬೇಕು ಅಂದರೆ ಹುಳಿ ಸಾಕು. ಬಿಳಿ ವಿನೆಗರ್ ಹಚ್ಚಿದ ಬಟ್ಟೆ ಸ್ವಲ್ಪ ಹೊತ್ತು ಇಟ್ಟರೆ ನೀಲಿ ಕರಗಿ ಉಕ್ಕು ಬೂದಿ ಬಣ್ಣದಲ್ಲಿ ಕಾಣುತ್ತದೆ. ಹಾಗಾದರೆ ಕಾಚಂಪುಳಿ ಹಾಕಿದ ಪಂದಿಕರಿ ತಿಂದು ಕೈ ತೊಳೆಯದೆ ಕೋವಿ ಎತ್ತಿದವರ ಕಥೆ ಏನು ಅಂತ ನೀವೇ ಯೋಚಿಸಿ. ಬೆವರೂ ಅಷ್ಟೇ, ಅದರಲ್ಲಿ ಉಪ್ಪೂ ಇದೆ. ಎಷ್ಟೋ ಕೋವಿಗಳಲ್ಲಿ ನೀಲಿ ಮೊದಲು ಮಾಸುವುದು ಎಡಗೈ ಹಿಡಿಯುವ ಜಾಗದಲ್ಲಿ.

ಜಿಡ್ಡು ತೆಗೆಯಲು ಪೆಟ್ರೋಲ್ ಬೇಡ, ಬೆಂಕಿಯ ಭಯ ಒಂದು ಕಡೆ, ಅದು ಬಿಟ್ಟುಹೋಗುವ ತೆಳು ಪಸೆ ಇನ್ನೊಂದು ಕಡೆ. ಅಸಿಟೋನ್ ಒಳ್ಳೆಯದು. ಮರದ ಪಾಲಿಶ್‌ಗೆ ಮಾತ್ರ ತಾಗಿಸಬೇಡಿ, ಒಲೆಯ ಹತ್ತಿರವೂ ಬೇಡ. ಹೊಸ ಹತ್ತಿ ತೆಗೆದುಕೊಂಡು ಒರೆಸಿ, ಎಸೆದು, ಮತ್ತೆ ಹೊಸ ಹತ್ತಿ. ಒರೆಸಿದ ಹತ್ತಿ ಬೆಳ್ಳಗೇ ಬರುವ ತನಕ. ಇಲ್ಲಿಂದ ಮುಂದೆ ಕೈಗೆ ನೈಟ್ರೈಲ್ ಗ್ಲೌಸ್, ತೆಗೆಯಬಾರದು. ಆಮೇಲೆ ಲೋಹವನ್ನು ಕೈಗೆ ಚೆನ್ನಾಗಿ ಬೆಚ್ಚಗೆ ಅನ್ನಿಸುವಷ್ಟು ಕಾಯಿಸಿ. ಹೇರ್ ಡ್ರೈಯರ್ ಸಾಕು. ಡಿಸೆಂಬರ್ ಆದರೆ ಬಿಸಿಲಿಗಿಟ್ಟರೂ ಆಗುತ್ತದೆ. ಬೆಚ್ಚಗಿದ್ದರೆ ಬಣ್ಣ ಬೇಗ, ಗಾಢವಾಗಿ ಹಿಡಿಯುತ್ತದೆ. ಸಂದಿಯಿಂದ ಎಣ್ಣೆ ಇಳಿದರೆ ಮತ್ತೆ ಅಸಿಟೋನ್.

ಇನ್ನು ಹಚ್ಚುವುದು. ಬಾಟಲಿಗೆ ನೇರವಾಗಿ ಹತ್ತಿ ಅದ್ದಬೇಡಿ, ಉಳಿದ ದ್ರಾವಣ ಕೆಡುತ್ತದೆ. ಬೇಕಾದಷ್ಟನ್ನು ಒಂದು ಪ್ಲಾಸ್ಟಿಕ್ ಮುಚ್ಚಳಕ್ಕೆ ಬಗ್ಗಿಸಿಕೊಳ್ಳಿ. ಹತ್ತಿಯನ್ನು ಒದ್ದೆಯಾಗಿ ಅದ್ದಿ, ಮಧ್ಯೆ ನಿಲ್ಲಿಸದೆ ಒಂದೇ ಎಳೆತದಲ್ಲಿ ಹಚ್ಚಿ, ಅಂಚು ದಾಟಿ ಹಳೇ ನೀಲಿಯ ಮೇಲೆ ಸ್ವಲ್ಪ ಹೋಗಲಿ. ಕಣ್ಣೆದುರೇ ಬಣ್ಣ ಬದಲಾಗುತ್ತದೆ. ಮೊದಲು ಬೋರ್ಡೋ ಕತ್ತಿಯ ಹಾಗೆ ಒಂದು ಕ್ಷಣ ಕೆಂಪು ಛಾಯೆ ಕಂಡರೂ ಕಾಣಬಹುದು, ಕೂಡಲೇ ಬೂದಿ, ಆಮೇಲೆ ಕಪ್ಪು. ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಒಂದು ನಿಮಿಷದೊಳಗೆ, ಬಿಟ್ಟು ನೀರಿನಿಂದ ತೊಳೆಯಿರಿ. ಜಾಸ್ತಿ ಹೊತ್ತು ಬಿಟ್ಟರೆ ಜಾಸ್ತಿ ಕಪ್ಪು ಅಂತೇನೂ ಇಲ್ಲ, ಬರೀ ಮಸಿ ಕೂರುತ್ತದೆ. ಒಣಗಿಸಿ, ಎಣ್ಣೆ ಪಸೆ ಇಲ್ಲದ ಸ್ಟೀಲ್ ವುಲ್ ಅನ್ನು ಗರಿ ಸವರಿದ ಹಾಗೆ ಆಡಿಸಿ ಆ ಮಸಿ ತೆಗೆದು ಮತ್ತೆ ಹಚ್ಚಿ. ಹೊಸ ಸ್ಟೀಲ್ ವುಲ್‌ಗೆ ತುಕ್ಕು ಹಿಡಿಯಬಾರದು ಅಂತ ಎಣ್ಣೆ ಹಾಕಿರುತ್ತಾರೆ, ಅದನ್ನೂ ಮೊದಲೇ ಅಸಿಟೋನ್‌ನಲ್ಲಿ ತೊಳೆದಿಡಿ. ನನ್ನ ಮಚ್ಚೆಗೆ ನಾಲ್ಕು ಸಲ ಬೇಕಾಯಿತು. ಮೊದಲು ಅಡಗಿರುವ ಒಂದು ಜಾಗದಲ್ಲಿ, ಕೋವಿಯ ಮುಂಭಾಗದ ಮರದ ಹಿಡಿಯ ಕೆಳಗೆ ಮುಚ್ಚಿಹೋಗುವ ಕಡೆ, ಸ್ವಲ್ಪ ಹಚ್ಚಿ ನೋಡಿದ್ದರೆ ಆ ಉಕ್ಕಿಗೆ ಯಾವ ಬಣ್ಣ ಬರುತ್ತದೆ ಅಂತ ಮುಂಚೆಯೇ ಗೊತ್ತಾಗುತ್ತಿತ್ತು. ಒಂದೊಂದು ಉಕ್ಕಿಗೆ ಒಂದೊಂದು ಛಾಯೆ.

ಬಣ್ಣ ಬಂತು ಅಂತ ಅಲ್ಲಿಗೆ ಬಿಟ್ಟರೆ ಮಾರನೇ ದಿನ ಬೆಳಿಗ್ಗೆ ನೋಡಿದಾಗ ಕಪ್ಪಿನ ಮೇಲೆ ಅರಿಶಿನ ಚೆಲ್ಲಿದ ಹಾಗೆ ಹೊಸ ತುಕ್ಕು ಎದ್ದಿರುತ್ತದೆ. ದ್ರಾವಣದ ಆಮ್ಲ ಸಂದಿಗಳಲ್ಲಿ ಉಳಿದು ಮಾಡುವ ಕೆಲಸ ಇದು. ಅದಕ್ಕೆ ಕೊನೆಯಲ್ಲಿ ಧಾರಾಳವಾಗಿ ನೀರು ಬಿಟ್ಟು ತೊಳೆಯಿರಿ, ಒಂದು ಚಮಚ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಒರೆಸಿ, ಮೇಲೆ ಬಿಸಿ ನೀರು ಹೊಯ್ಯಿರಿ. ಬಿಸಿ ಲೋಹ ತಾನೇ ಬೇಗ ಒಣಗುತ್ತದೆ. ಒಣಗಿದ ಕೂಡಲೇ ಎಣ್ಣೆ, ಕೈ ಜಿಪುಣತನ ಮಾಡಬಾರದು. ಒಂದು ರಾತ್ರಿ ಎಣ್ಣೆಯಲ್ಲೇ ಬಿಡಿ. ಮುಂದಿನ ಒಂದು ವಾರ ದಿನಾ ಒಂದು ಸಲ ನೋಡಿ.

ಆ ಬಾಟಲಿಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸೆಲೀನಿಯಸ್ ಆಮ್ಲ ವಿಷ. ಸ್ವಲ್ಪವೇ ಕುಡಿದರೂ ಜೀವ ಹೋಗಬಹುದು, ಹಾಗೆ ಸತ್ತವರಿದ್ದಾರೆ. ನೀಲಿ ನೀರಿನ ಹಾಗೆ ಕಾಣುವ ಸಣ್ಣ ಬಾಟಲಿ, ಮಕ್ಕಳ ಕೈಗೆ ಎಟುಕುವ ಕಡೆ ಇಡುವ ವಸ್ತು ಅಲ್ಲವೇ ಅಲ್ಲ. ಅರ್ಧ ಉಳಿದದ್ದನ್ನು ಬೇರೆ ಬಾಟಲಿಗೆ, ಅದರಲ್ಲೂ ಕುಡಿಯುವ ನೀರಿನ ಬಾಟಲಿಗೆ ಯಾವತ್ತೂ ತುಂಬಬೇಡಿ. ಕೆಲಸ ಜಗಲಿಯಲ್ಲಿ, ಗಾಳಿ ಆಡುವ ಕಡೆ. ಅಡುಗೆ ಮನೆಯ ಪಾತ್ರೆ ಬೇಡ. ಕಣ್ಣಿಗೆ ಕನ್ನಡಕ. ಬಳಸಿ ಉಳಿದ ದ್ರಾವಣವನ್ನು ಕೆರೆಗೆ, ತೋಡಿಗೆ, ಕಾಫಿ ಗಿಡದ ಬುಡಕ್ಕೆ ಚೆಲ್ಲಬೇಡಿ. ಯಾರಾದರೂ ನುಂಗಿದರೆ ವಾಂತಿ ಮಾಡಿಸುತ್ತಾ ಕೂರಬೇಡಿ, ಬಾಟಲಿಯನ್ನೂ ಜೊತೆಗೆ ತಗೊಂಡು ನೇರ ಆಸ್ಪತ್ರೆಗೆ.

ಇಷ್ಟೆಲ್ಲ ಮಾಡಿದ ಮೇಲೂ ಕೋವಿಯನ್ನು ಕಾಯುವುದು ಎಣ್ಣೆಯೇ. ಮಡಿಕೇರಿಯ ಕಡೆ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ಗೋಡೆಯೇ ಬೆವರುವ ಜುಲೈ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತೆಳುವಾದ ಗನ್ ಆಯಿಲ್ ಹಚ್ಚಿ ಒರೆಸಬೇಕು. ಅದಿಲ್ಲದಿದ್ದರೆ ಹೊಲಿಗೆ ಮೆಷಿನ್ನಿನ ಎಣ್ಣೆಯೂ ನಡೆಯುತ್ತದೆ. ತೆಂಗಿನೆಣ್ಣೆ ಬೇಡ, ಸ್ವಲ್ಪ ದಿನಕ್ಕೆ ಕಮಟಾಗಿ ಅಂಟಂಟಾಗುತ್ತದೆ, ಧೂಳು ಹಿಡಿಯುತ್ತದೆ. ಚರ್ಮದ ಚೀಲದೊಳಗೆ, ಕ್ಯಾನ್ವಾಸ್ ಕವರ್‌ನೊಳಗೆ ತಿಂಗಳುಗಟ್ಟಲೆ ಇಡುವುದೂ ತಪ್ಪು, ಅವು ತೇವ ಕುಡಿದು ಕೋವಿಗೆ ಒತ್ತಿ ಹಿಡಿಯುತ್ತವೆ. ಬೀಗ ಹಾಕುವ ಬೀರು, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು.

ನಮ್ಮ ಕೋವಿಯ ಮಚ್ಚೆ ಈಗ ನೆರಳಲ್ಲಿ ಕಾಣುವುದಿಲ್ಲ. ಬಿಸಿಲಿಗೆ ಓರೆಯಾಗಿ ಹಿಡಿದರೆ ಸುತ್ತಲಿನ ನೀಲಿಯ ನಡುವೆ ಆ ಜಾಗ ಸ್ವಲ್ಪ ಬೂದಿಯಾಗಿ ಕಾಣುತ್ತದೆ. ದೊಡ್ಡಪ್ಪನಿಗೆ ಕೊಟ್ಟು ‘ಎಲ್ಲಿತ್ತು ಹೇಳಿ ನೋಡೋಣ’ ಅಂದೆ. ತಿರುಗಿಸಿ ತಿರುಗಿಸಿ ನೋಡಿದರು, ಸಿಗಲಿಲ್ಲ. ‘ಚೆನ್ನಾಗಿದೆ, ಆದ್ರೆ ಈ ಸಲ ಬೊಟ್ಟು ಎಲ್ಲಿಗೆ ಇಡ್ತೀಯಾ?’ ಅಂದರು. ಮರದ ಹಿಡಿಗೆ ಇಡೋಣ ಅಂತ ತೀರ್ಮಾನ ಆಗಿದೆ.